ಅಜ್ಜನ ಜೆಬಿಎಲ್‌ಗೆ ಹೊಸ ಮಿಡ್ ಬೇಕಾ ಬೇಡ್ವಾ: ನಮ್ಮ ಮನೆ ಗುಂಪಿನ ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಹಳೇ ಸ್ಪೀಕರ್ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು ಅಂತ ಎಲ್ಲರನ್ನೂ ಕೇಳಿ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬದಲಾಯಿಸಿದ್ದೇನೆ. ಗುಡ್ ಮಾರ್ನಿಂಗ್ ಚಿತ್ರಗಳನ್ನು ತೆಗೆದಿದ್ದೇನೆ. ಮಿಡ್ (ಮಿಡ್‌ರೇಂಜ್) ಅಂದರೆ ಸ್ಪೀಕರ್‌ನಲ್ಲಿ ಮಧ್ಯದ ಸ್ವರ ನುಡಿಸುವ ಭಾಗ. ತಗ್ಗಿನ ಸ್ವರಕ್ಕೆ ವೂಫರ್, ಮೇಲಿನ ಸ್ವರಕ್ಕೆ ಟ್ವೀಟರ್. ಸ್ಪೀಕರ್ ಜೆಬಿಎಲ್ ಎಲ್100 ಸೆಂಚುರಿ, ಅಜ್ಜ ಕುವೈತ್‌ನಲ್ಲಿದ್ದಾಗ ಕೊಂಡದ್ದು. ಈಗ ಅದು ಅವರ ಮೂರು ಮಕ್ಕಳಿಗೂ ಸೇರಿದ್ದು. ಇರುವುದು ಮಾತ್ರ ಶಿವಮೊಗ್ಗದಲ್ಲಿ, ಶ್ರೀಧರ ಮಾವನ ಮನೆಯಲ್ಲಿ. ಲಲಿತಾ ಅತ್ತೆ ಅವರ ಹೆಂಡತಿ, ಅನಿ ಅವರ ಮಗ. ರವಿ ಮಾವ ನ್ಯೂಜೆರ್ಸಿಯಲ್ಲಿದ್ದಾರೆ. ಮೂರನೆಯವರು ನಮ್ಮ ಅಮ್ಮ. ಅಪ್ಪ (ಪ್ರಕಾಶ್) ಮೈಸೂರು ಆಕಾಶವಾಣಿಯಲ್ಲಿ ಎಂಜಿನಿಯರ್ ಆಗಿದ್ದವರು.

ಅನಿ: ಎಲ್ಲರೂ ಈ ಲಿಂಕ್ ನೋಡಿ. 5 ಇಂಚಿನ ಮಿಡ್‌ರೇಂಜ್, ಕೆವ್ಲಾರ್ ನಾರಿನ ಕೋನ್ (ಅದುರಿ ಸದ್ದು ಮಾಡುವ ಭಾಗ), 8 ಓಮ್. ಜೋಡಿಗೆ 12,000. ಅಜ್ಜನ ಸ್ಪೀಕರ್‌ಗೆ ಸರಿಯಾಗಿ ಕೂರುತ್ತದೆ. ಎಡಗಡೆಯ ಮಿಡ್ ಹೋಗಿದೆ. ಹೇಗೂ ಬದಲಾಯಿಸಬೇಕು, ಒಳ್ಳೇದೇ ಹಾಕೋಣ. ದುಡ್ಡು ಮೂರು ಪಾಲು.

ರವಿ ಮಾವ: ಯಾರೂ ಮುಟ್ಟಬೇಡಿ! ಅದು 1970ರ ಮಾಡೆಲ್. ಸ್ಟುಡಿಯೋಗಳಲ್ಲಿ ಇಡುತ್ತಿದ್ದ 4310 ಮಾನಿಟರನ್ನೇ ಮನೆಗೆ ಅಂತ ಮಾಡಿದ್ದು. ಒಳಗಿನ ಒಂದು ಭಾಗ ಬದಲಾದರೂ ಅದು ಎಲ್100 ಅಲ್ಲ. ಅಪ್ಪ ಇಟ್ಟ ಹಾಗೇ ಇರಲಿ.

ಶ್ರೀಧರ ಮಾವ: ನೀನು ಅಲ್ಲಿ ಕೂತು ಹೇಳುತ್ತೀಯ. ದಿನಾ ಕೇಳುವವನು ನಾನು. ಭೀಮಸೇನ ಜೋಶಿಯವರು ಬಲಗಡೆ ಎದುರಿಗೇ ಕೂತು ಹಾಡುತ್ತಾರೆ. ಎಡಗಡೆ ಪಕ್ಕದ ಮನೆಯಿಂದ ಹಾಡಿದ ಹಾಗಿದೆ.

ನಾನು: ಮಾವ, ಎಡಗಡೆ ಧ್ವನಿ ಪೂರ್ತಿ ಇಲ್ವಾ, ಮಸುಕಾಗಿದೆಯಾ?

ಶ್ರೀಧರ ಮಾವ: ಧ್ವನಿ ಇದೆ. ದಪ್ಪ ಇದೆ. ಅಕ್ಷರ ಬಿಡಿಸಿ ಕೇಳುವುದಿಲ್ಲ.

ನಾನು: ಹಾಗಾದರೆ ಮಿಡ್ ಸತ್ತಿದೆ ಅಂತ ಈಗಲೇ ಹೇಳುವ ಹಾಗಿಲ್ಲ. ಈ ಸ್ಪೀಕರ್‌ನಲ್ಲಿ ಮಿಡ್ ಕೆಲಸ ಸುಮಾರು 1,500 ಹರ್ಟ್ಸ್‌ನಿಂದ 6,000 ಹರ್ಟ್ಸ್‌ವರೆಗೆ. ಕಂಠದ ಮುಖ್ಯ ಸ್ವರ ಬರುವುದು 12 ಇಂಚಿನ ವೂಫರ್‌ನಿಂದಲೇ. ಮಿಡ್ ಕೊಡುವುದು ಕ, ಟ, ತ ಇವುಗಳ ಅಂಚು. ಅದು ಕಮ್ಮಿಯಾದರೆ ಮಾವ ಹೇಳಿದ ಹಾಗೇ ಕೇಳಿಸುತ್ತದೆ. ಆದರೆ ಕಮ್ಮಿಯಾಗಲು ಕಾರಣ ಬೇರೆಯೂ ಇರಬಹುದು.

ಅನಿ: ಮೇಘನಾ, ನೀನು ಯಾವಾಗಲೂ ಹೀಗೇ. ಸುಲಭದ ಕೆಲಸವನ್ನು ಪ್ರಾಜೆಕ್ಟ್ ಮಾಡುತ್ತೀಯ.

ಅಮ್ಮ: ಅವಳು ಹೇಳುವುದು ಪೂರ್ತಿ ಕೇಳಪ್ಪ.

ನಾನು: ಮುಂದಿನ ಗ್ರಿಲ್ ತೆಗೆದರೆ ಎರಡು ತಿರುಗಣೆ ಇವೆ. ಪ್ರೆಸೆನ್ಸ್ ಅಂತ ಬರೆದದ್ದು ಮಿಡ್‌ಗೆ, ಬ್ರಿಲಿಯನ್ಸ್ ಟ್ವೀಟರ್‌ಗೆ. ಅವುಗಳ ಹಿಂದೆ ಇರುವುದು ಎಲ್-ಪ್ಯಾಡ್, ಅಂದರೆ ಆ ಭಾಗದ ಸದ್ದು ಇಳಿಸುವ ಸಾಧನ. ವರ್ಷಗಟ್ಟಲೆ ತಿರುಗಿಸದೆ ಬಿಟ್ಟರೆ ಒಳಗೆ ಕಿಲುಬು ಹಿಡಿದು ಮಿಡ್‌ಗೆ ಸಿಗ್ನಲ್ಲೇ ಸರಿಯಾಗಿ ಹೋಗುವುದಿಲ್ಲ. ಹಳೇ ಜೆಬಿಎಲ್‌ಗಳಲ್ಲಿ ಇದು ತೀರಾ ಮಾಮೂಲಿ. ಹೊಸ ಮಿಡ್ ಹಾಕಿದರೂ ಅದೇ ಕಥೆ.

ಲಲಿತಾ ಅತ್ತೆ: ಆ ತಿರುಗಣೆ ಮುಟ್ಟಿದರೆ ನಮ್ಮ ಮಾವನವರು ಬೈಯುತ್ತಿದ್ದರು. ಎಡಗಡೆಯದು ಪೂರ್ತಿ ಮೇಲೆ, ಬಲಗಡೆಯದು ನಡುವೆ. ಹಾಗೇ ಇರಬೇಕು ಅಂತ.

ರವಿ ಮಾವ: ನೋಡಿ. ಅಪ್ಪನ ಕಿವಿ.

(ಈ ಮಾತನ್ನು ಅಲ್ಲೇ ಹಿಡಿದುಕೊಳ್ಳಬೇಕಿತ್ತು. ಯಾರೂ ಹಿಡಿಯಲಿಲ್ಲ. ಚರ್ಚೆ ಗ್ರಿಲ್ ಕಡೆ ಹೋಯಿತು.)

ಲಲಿತಾ ಅತ್ತೆ: ರಿಪೇರಿ ಅಂದರೆ ಮೊದಲು ಆ ಕಿತ್ತಳೆ ಬಣ್ಣದ ಸ್ಪಂಜಿಗೆ ಏನಾದರೂ ಮಾಡಿ. ಪುಡಿ ಉದುರುತ್ತಲೇ ಇದೆ. ಗುಡಿಸುವುದು ನಾನು.

ರವಿ ಮಾವ: ಅದು ಕ್ವಾಡ್ರೆಕ್ಸ್ ಗ್ರಿಲ್ ಅತ್ತಿಗೆ. ಆ ಕಾಲದ ಫೋಮ್ ಎಲ್ಲರ ಮನೆಯಲ್ಲೂ ಹೀಗೇ ಪುಡಿಯಾಗಿದೆ. ಹೊಸದು ಮಾಡಿ ಮಾರುವವರು ಇಲ್ಲಿದ್ದಾರೆ.

ಅನಿ: ಅಂದರೆ ಗ್ರಿಲ್ ಹೊಸದು ಹಾಕಿದರೆ ವಿಂಟೇಜ್, ಮಿಡ್ ಹೊಸದು ಹಾಕಿದರೆ ಪಾಪ. ಚೆನ್ನಾಗಿದೆ ಚಿಕ್ಕಪ್ಪ.

(ನ್ಯಾಯವಾದ ಪ್ರಶ್ನೆ. ರವಿ ಮಾವ ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾದರು.)

ಅಪ್ಪ: ಭಾನುವಾರ ಶ್ರೀಧರ ಅವರು ನಾಲ್ಕು ಕೆಲಸ ಮಾಡಲಿ. ಒಂದು, ಆಂಪ್ಲಿಫೈಯರ್ ಹಿಂದೆ ಎಡ ಬಲ ತಂತಿ ಅದಲು ಬದಲು ಮಾಡಿ. ಮಸುಕು ಬಲಕ್ಕೆ ಹೋದರೆ ತಪ್ಪು ಆಂಪ್ಲಿಫೈಯರ್‌ದು. ಎಡದಲ್ಲೇ ಉಳಿದರೆ ಡಬ್ಬಿಯದು. ಎರಡು, ಹಾಡು ಹಚ್ಚಿ ಪ್ರೆಸೆನ್ಸ್ ತಿರುಗಣೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸಿ. ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್. ಮೂರು, ಪವರ್ ಆಫ್ ಮಾಡಿ, ಮಿಡ್ ಬಿಚ್ಚಿ, ಅದರ ತಂತಿ ಕಳಚಿ ಮಲ್ಟಿಮೀಟರ್ ಇಡಿ. 8 ಓಮ್‌ನದು ಮೀಟರ್‌ನಲ್ಲಿ 6ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಮಿಡ್ ಒಳಗಿನ ಕಾಯಿಲ್ ಸುಟ್ಟಿದೆ. ನಾಲ್ಕು, ಟಾರ್ಚಿನ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಟಕ್ ಅನ್ನಬೇಕು. ಟ್ವೀಟರ್‌ಗೆ ಮಾತ್ರ ಸೆಲ್ ಮುಟ್ಟಿಸಬೇಡಿ.

ಅನಿ: ಮಾವ, ಇದೆಲ್ಲ ಮಾಡಿದ ಮೇಲೂ ಹೊಸ ಮಿಡ್ ಹಳೆಯದಕ್ಕಿಂತ ಒಳ್ಳೆಯದೇ ಅಲ್ವಾ? 50 ವರ್ಷದ ಕಾಗದದ ಕೋನ್ ಎಲ್ಲಿ, ಕೆವ್ಲಾರ್ ಎಲ್ಲಿ.

ಅಪ್ಪ: ಯಾವುದರ ಜೊತೆಗೆ ಒಳ್ಳೆಯದು ಅಂತ ಕೇಳು. ಮೇಘನಾ, ಆ ಕ್ರಾಸ್‌ಓವರ್ ವಿಷಯ ಹೇಳು.

ನಾನು: ಅನಿ, ಇದರೊಳಗಿನ ಕ್ರಾಸ್‌ಓವರ್ ನೋಡಿದರೆ ನಗು ಬರುತ್ತದೆ. ಯಾವ ಸ್ವರ ಯಾವ ಭಾಗಕ್ಕೆ ಅಂತ ಹಂಚುವ ಸರ್ಕ್ಯೂಟ್ ಅದು. ಮಿಡ್‌ಗೆ 8 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಟ್ವೀಟರ್‌ಗೆ 3 ಮೈಕ್ರೋಫ್ಯಾರಡ್ ಒಂದು. ಜೊತೆಗೆ ಆ ಎರಡು ಎಲ್-ಪ್ಯಾಡ್. ಅಷ್ಟೇ. ಆ ಸರ್ಕ್ಯೂಟ್‌ನಲ್ಲಿ ಕಾಯಿಲ್ ಇಲ್ಲವೇ ಇಲ್ಲ. ವೂಫರ್ ನೇರ ಆಂಪ್ಲಿಫೈಯರ್‌ಗೆ ಸೇರಿದೆ. ಮಿಡ್ ಎಲ್ಲಿಂದ ಶುರು ಮಾಡಬೇಕು ಅಂತ ಕೆಪಾಸಿಟರ್ ಹೇಳುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರು ಯಾರೂ ಇಲ್ಲ. ಎಲ್ಇ5-2 ಅನ್ನುವ ಆ ಹಳೇ ಮಿಡ್ ಮೇಲಕ್ಕೆ ಹೋದ ಹಾಗೆ ತಾನಾಗಿಯೇ ಇಳಿಯುತ್ತದೆ. ಅದನ್ನು ಲೆಕ್ಕ ಹಾಕಿಯೇ ಜೆಬಿಎಲ್‌ನವರು ಭಾಗ ಉಳಿಸಿದ್ದು. ಇಲ್ಲಿ ಮಿಡ್ ಅಂದರೆ ಅರ್ಧ ಕ್ರಾಸ್‌ಓವರ್ ಕೂಡ ಅದೇ. ಗಟ್ಟಿ ಕೋನಿನ ಹೊಸ ಮಿಡ್ ಟ್ವೀಟರ್ ಜಾಗದವರೆಗೂ ಕೂಗುತ್ತಲೇ ಇರಬಹುದು. ಗಟ್ಟಿ ಕೋನುಗಳು ಮೇಲಿನ ತುದಿಯಲ್ಲಿ ಕಿರುಚುವುದು ಜಾಸ್ತಿ. ಅದನ್ನು ತಡೆಯಲು ಕಾಯಿಲ್ ಹಾಕಬೇಕು. ಆಮೇಲೆ ಇಡೀ ಕ್ರಾಸ್‌ಓವರ್ ಹೊಸದಾಗಿ ಮಾಡಬೇಕು.

ಅನಿ: ಸರಿ, ಹಾಗಾದರೆ ಜೆಬಿಎಲ್‌ದೇ ಹಾಕೋಣ. 2018ರಲ್ಲಿ ಎಲ್100 ಕ್ಲಾಸಿಕ್ ಅಂತ ತೋರಿಸಿದರಲ್ಲ, ಅದರ ಮಿಡ್ ಬಿಡಿಭಾಗವಾಗಿ ಹುಡುಕಬಹುದು.

ನಾನು: ಹೆಸರು ಅದೇ, ಲೆಕ್ಕ ಬೇರೆ. ಕ್ಲಾಸಿಕ್‌ನಲ್ಲಿ ಮಿಡ್ 450 ಹರ್ಟ್ಸ್‌ಗೇ ಶುರುವಾಗಿ 3,500ಕ್ಕೆ ಟ್ವೀಟರ್‌ಗೆ ಒಪ್ಪಿಸುತ್ತದೆ. ನಮ್ಮದರಲ್ಲಿ 1,500ರಿಂದ 6,000. ಅದು ಬೇರೆ ಕೆಲಸಕ್ಕೆ ಮಾಡಿದ ಮಿಡ್.

ರವಿ ಮಾವ: ಅದಕ್ಕೇ ಹೇಳಿದ್ದು, ಮುಟ್ಟಬೇಡಿ.

ಅಮ್ಮ: ಮುಟ್ಟದಿದ್ದರೆ ಎಡಗಡೆ ಹಾಗೇ ಇರುತ್ತದೆ ರವಿ. ಅಣ್ಣ ಅದನ್ನೇ ಕೇಳಬೇಕಾ?

ಭಾನುವಾರ ಮಧ್ಯಾಹ್ನ ಶ್ರೀಧರ ಮಾವ ಫೋಟೋ ಹಾಕಲು ಶುರು ಮಾಡಿದರು. ತಂತಿ ಅದಲು ಬದಲು ಮಾಡಿದರೂ ಮಸುಕು ಎಡದಲ್ಲೇ. ತಿರುಗಣೆ ಎರಡೂ ಕಡೆ ಕರಕರ. ಕ್ಲೀನರ್ ಹಾಕಿದ ಮೇಲೆ ಬಲಗಡೆ ಇನ್ನೂ ಚೆನ್ನಾಯಿತು. ಎಡಗಡೆ ಅಷ್ಟಕ್ಕಷ್ಟೇ. ಮೀಟರ್‌ನಲ್ಲಿ ಎರಡೂ ಮಿಡ್ ಜೀವಂತ.

ಶ್ರೀಧರ ಮಾವ: ಎರಡೂ ಬಿಚ್ಚಿದೆ. ಫೋಟೋ ನೋಡಿ. ಒಂದೇ ತರ ಇಲ್ಲ.

ಅಪ್ಪ: ಹಿಂಭಾಗ ತೋರಿಸಿ.

ಶ್ರೀಧರ ಮಾವ: ಬಲಗಡೆಯದರ ಮೇಲೆ ಎಲ್ಇ5-2 ಅಂತ ಇದೆ. ಎಡಗಡೆಯದರಲ್ಲಿ ಜೆಬಿಎಲ್ ಹೆಸರೇ ಇಲ್ಲ. ಮ್ಯಾಗ್ನೆಟ್ ಚಪ್ಪಟೆ, ಕಪ್ಪು.

ಅಪ್ಪ: ಅದು ಫೆರೈಟ್ ಮ್ಯಾಗ್ನೆಟ್. ಎಲ್ಇ5-2ರದು ಆಲ್ನಿಕೋ, ಬೇರೆ ಬಗೆಯ ಮ್ಯಾಗ್ನೆಟ್. ಎಡಗಡೆ ಯಾರೋ ಆಗಲೇ ಬದಲಾಯಿಸಿದ್ದಾರೆ.

ರವಿ ಮಾವ: ಸಾಧ್ಯವೇ ಇಲ್ಲ ಭಾವ. ಅಪ್ಪ ಬಿಡುತ್ತಿರಲಿಲ್ಲ.

ಲಲಿತಾ ಅತ್ತೆ: ಬಿಡುವುದೇನು, ಅವರೇ ಮಾಡಿಸಿದ್ದು! ಈಗ ನೆನಪಾಯಿತು. ಸುಮಾ ಮದುವೆ ದಿನ ಪೆಂಡಾಲಿನಲ್ಲಿ ಇಟ್ಟು ಜೋರಾಗಿ ಹಾಕಿ ಒಂದು ಕೆಟ್ಟಿತ್ತು. ಮಾವನವರು ಬೆಂಗಳೂರಿಗೆ ಒಯ್ದು ಸರಿ ಮಾಡಿಸಿಕೊಂಡು ಬಂದರು. ಜೋರು ಮಾಡಿದ್ದು ಯಾರು ಅಂತ ಕೇಳಿ.

ಅಮ್ಮ: ರವಿ.

ಶ್ರೀಧರ ಮಾವ: ರವಿ.

ರವಿ ಮಾವ: ಆಂಪ್ಲಿಫೈಯರ್ ಸಣ್ಣದಿತ್ತು. ಜೋರು ಎಲ್ಲಿ ಬಂತು?

ಅಪ್ಪ: ಸಣ್ಣದಿದ್ದದ್ದಕ್ಕೇ ಸುಟ್ಟಿದ್ದು. ಶಕ್ತಿ ಮೀರಿ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಅದರಿಂದ ಹುಟ್ಟುವ ಮೇಲಿನ ಸ್ವರಗಳೆಲ್ಲ ಮಿಡ್‌ಗೂ ಟ್ವೀಟರ್‌ಗೂ ಹೋಗುತ್ತವೆ.

ಅನಿ: 😂😂 ಒಂದು ಭಾಗ ಬದಲಾದರೂ ಎಲ್100 ಅಲ್ಲ ಅಂದಿದ್ದು ಯಾರು?

ನಾನು: ತಿರುಗಣೆಯ ಗುಟ್ಟೂ ಗೊತ್ತಾಯಿತು. ಎಡಗಡೆಯ ಬದಲಿ ಮಿಡ್ ಅದೇ ಶಕ್ತಿಗೆ ಕಮ್ಮಿ ಸದ್ದು ಮಾಡುತ್ತದೆ. ಅದಕ್ಕೇ ಅಜ್ಜ ಎಡಗಡೆ ಪೂರ್ತಿ ಮೇಲೆ ಇಟ್ಟಿದ್ದು. ಅಲ್ಲಿಂದ ಮೇಲಕ್ಕೆ ಜಾಗವಿಲ್ಲ, ಎಲ್-ಪ್ಯಾಡ್ ಇಳಿಸಬಲ್ಲದು ಅಷ್ಟೇ. ಮಾವ, ಇನ್ನೊಂದು ನೋಡಿ. ಎರಡೂ ಮಿಡ್‌ನ ಕೆಂಪು ತುದಿಗೆ ಸೆಲ್ಲಿನ ಪ್ಲಸ್ ಮುಟ್ಟಿಸಿ. ಕೋನ್ ಯಾವ ಕಡೆ ಹೋಗುತ್ತದೆ?

ಶ್ರೀಧರ ಮಾವ: ಬಲಗಡೆಯದು ಒಳಗೆ ಹೋಯಿತು. ಎಡಗಡೆಯದು ಹೊರಗೆ ಬಂತು.

ನಾನು: ಅದೇ ಅನುಮಾನ ಇತ್ತು. ಹಳೇ ಜೆಬಿಎಲ್‌ಗಳು ಉಳಿದವರಿಗೆ ಉಲ್ಟಾ. ಕೆಂಪಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೆ ಹೋಗುತ್ತದೆ. ರಿಪೇರಿ ಮಾಡಿದವರು ಕೆಂಪು ತಂತಿ ಕೆಂಪಿಗೇ ಹಾಕಿದ್ದಾರೆ. ನೋಡಲು ಸರಿ, ಕೆಲಸಕ್ಕೆ ತಪ್ಪು. ವೂಫರೂ ಮಿಡ್ಡೂ ಸೇರುವ ಕಡೆ ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತದೆ. ಅಲ್ಲಿ ಸದ್ದು ಕರಗುತ್ತದೆ.

ಅಪ್ಪ: ಕೆಪಾಸಿಟರ್ ಕೂಡ ಫೇಸ್, ಅಂದರೆ ಅಲೆ ತಳ್ಳುವ ಎಳೆಯುವ ಸಮಯ, ತಿರುಗಿಸುತ್ತದೆ. ಬರೀ ಸೆಲ್ ನಂಬಬೇಡ. ಎರಡು ರೀತಿಯಲ್ಲೂ ಹಾಕಿ, ಎಲ್ಲ ಸ್ವರವೂ ಬೆರೆತ ಪರೀಕ್ಷೆಯ ಸದ್ದು ಪಿಂಕ್ ನಾಯ್ಸ್‌ನಲ್ಲಿ ಬಲಗಡೆಗೆ ಹೋಲಿಸಿ. ಯಾವುದು ಹತ್ತಿರ ಬರುತ್ತದೋ ಅದು ಇರಲಿ.

ಅನಿ ಆ ರಾತ್ರಿಯೇ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದ. ಫೋನ್ ಆಪ್‌ನಲ್ಲಿ ಅಳೆದು ಗೆರೆ ಚಿತ್ರ ಕಳಿಸಿದ. ಅವನು ಹಟಮಾರಿ, ಸೋಮಾರಿ ಅಲ್ಲ. ತಂತಿ ತಿರುಗಿಸಿದ ಮೇಲೆ 1,500ರ ಸುತ್ತ ಇದ್ದ ಗುಂಡಿ ಬಹುಪಾಲು ತುಂಬಿತ್ತು. ಅದರ ಮೇಲೆ ಮಾತ್ರ ಎಡಗಡೆ ಇನ್ನೂ 3 ಡಿಬಿಯಷ್ಟು ತಗ್ಗು.

ಅನಿ: ಒಪ್ಪಿದೆ, ತುಂಬ ವ್ಯತ್ಯಾಸ ಇದೆ. ಆದರೆ 3 ಡಿಬಿ ಅಂದರೆ ಅರ್ಧ ಶಕ್ತಿ. ಇದನ್ನು ಹೀಗೇ ಬಿಡುವುದಾ? ಈಗಾದರೂ ಎರಡೂ ಕಡೆ ಒಂದೇ ತರದ್ದು ಹಾಕಿದರೆ ಎಡ ಬಲ ಸಮ ಆಗುತ್ತದೆ.

ಅಪ್ಪ: ಬಲಗಡೆ ಪ್ರೆಸೆನ್ಸ್ ಅಷ್ಟೇ ಇಳಿಸಿದರೂ ಸಮ ಆಗುತ್ತದೆ. ಖರ್ಚಿಲ್ಲ.

ಶ್ರೀಧರ ಮಾವ: ಚೆನ್ನಾಗಿರುವುದನ್ನು ಕೆಟ್ಟದ್ದರ ಮಟ್ಟಕ್ಕೆ ಇಳಿಸುವುದಾ ಪ್ರಕಾಶ್ ಅವರೇ?

ನಾನು: ನನ್ನ ಅಭಿಪ್ರಾಯ ಹೇಳುತ್ತೇನೆ. ಜೋಡಿ ಹೊಸದು ಹಾಕಿದರೆ ಕೆಟ್ಟದ್ದೊಂದರ ಜೊತೆ ಸರಿ ಇರುವ ಎಲ್ಇ5-2 ಕೂಡ ಕಪಾಟು ಸೇರುತ್ತದೆ. ಸ್ಪೀಕರ್‌ಗೆ ಬೇಕಾಗಿರುವುದು ಅಪ್‌ಗ್ರೇಡ್ ಅಲ್ಲ, ಕಳೆದುಹೋದ ಒಂದು ಭಾಗ. ಹಳೇ ಎಲ್ಇ5-2 ಅಮೆರಿಕದಲ್ಲಿ ಬಿಡಿಯಾಗಿ ಸಿಗುತ್ತವೆ. ರವಿ ಮಾವ, ನೀವು ಬರುವಾಗ ಒಂದು ತನ್ನಿ.

ಅನಿ: ಅದೂ 50 ವರ್ಷದ್ದೇ. ಒಳಗೆ ಹೇಗಿದೆ ಅಂತ ಯಾರಿಗೆ ಗೊತ್ತು? ಆಲ್ನಿಕೋ ಕೆಳಗೆ ಬಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ ಅಂತ ನೀನೇ ಒಮ್ಮೆ ಹೇಳಿದ್ದೆ.

ನಾನು: ಹೌದು, ಅದು ನಿಜವಾದ ಅಪಾಯ. ಅದಕ್ಕೇ ಮಾರುವವರ ಹತ್ತಿರ ಮೀಟರ್ ರೀಡಿಂಗ್ ಕೇಳಬೇಕು, ಕೋನ್ ಬದಲಾಯಿಸಿದ್ದಾರಾ ಅಂತ ಕೇಳಬೇಕು, ವಾಪಸ್ ತೆಗೆದುಕೊಳ್ಳುವವರ ಹತ್ತಿರವೇ ಕೊಳ್ಳಬೇಕು. ಬಂದ ಮೇಲೆ ಇದೇ ಪಿಂಕ್ ನಾಯ್ಸ್ ಪರೀಕ್ಷೆ.

ರವಿ ಮಾವ: ದುಡ್ಡು ಪಾಲು ಬೇಡ. ನಾನೇ ತರುತ್ತೇನೆ. ಕಾರಣ ಕೇಳಬೇಡಿ.

ಅಮ್ಮ: ಕಾರಣ ಎಲ್ಲರಿಗೂ ಗೊತ್ತು.

ಅನಿ: ಹಾಗಾದರೆ ಆ 8 ಮೈಕ್ರೋಫ್ಯಾರಡ್ ಕೆಪಾಸಿಟರ್ ಆದರೂ ಹೊಸದು ಹಾಕುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಫಿಲ್ಮ್ ಕೆಪಾಸಿಟರ್ ಸಿಗುತ್ತದೆ. ಇದಕ್ಕೂ ತಕರಾರಾ?

ಅಪ್ಪ: ಹಳೆಯದನ್ನು ಮೊದಲು ಅಳೆ. ಮೈಕ್ರೋಫ್ಯಾರಡ್ ಲೆಕ್ಕ ತಪ್ಪಿದ್ದರೆ ಹೊಸದು ಹಾಕು. ಹಾಕಿದರೆ ಎರಡೂ ಡಬ್ಬಿಗೆ ಹಾಕು.

ಲಲಿತಾ ಅತ್ತೆ: ರವಿ, ಗ್ರಿಲ್ ಕೂಡ ತಾ. ಕಂದು ಬಣ್ಣದ್ದು ತಾ, ಧೂಳು ಕಾಣಿಸುವುದಿಲ್ಲ.

ಅಮ್ಮ: ಅತ್ತಿಗೆ, ಕಿತ್ತಳೆಯೇ ಇರಲಿ. ಅದು ನನ್ನ ಪಾಲೂ ಹೌದು.

ನಾನು: ಬಣ್ಣದ ಜಗಳ ನಾಳೆ ಮಾಡಿ. ಅನಿ, ಎಡಗಡೆ ಡಬ್ಬಿ ಮುಚ್ಚುವ ಮುಂಚೆ ಒಳಗೆ ಒಂದು ಚೀಟಿ ಅಂಟಿಸು: ಈ ಮಿಡ್ ಬದಲಿ, ತಂತಿ ಬೇಕಂತಲೇ ತಿರುಗಿಸಿದೆ, ಎಲ್ಇ5-2 ಹಾಕುವಾಗ ಬಲಗಡೆ ಡಬ್ಬಿ ನೋಡಿ ಅದರಂತೆ ಹಾಕಿ. ತಾರೀಕು ಬರೆ.

ಅನಿ: ಬರೆದೆ. ಚಿಕ್ಕಪ್ಪನ ಹೆಸರೂ ಬರೆದಿದ್ದೇನೆ.

ರವಿ ಮಾವ: ಅಳಿಸು.