ಮೆಥೋಟ್ರೆಕ್ಸೇಟ್ ತಗೊಳ್ಳೋರು ಅಮೃತಬಳ್ಳಿ ಕಷಾಯ ಕುಡಿಬಹುದಾ?

ಪ್ರಶ್ನೆ (ತುಮಕೂರು): ನಮ್ಮಮ್ಮಂಗೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ಇಮ್ಯುನಿಟಿನೇ ಕೀಲು ಊದಿಸೋ ಕಾಯಿಲೆ), ಆ ಇಮ್ಯುನಿಟಿ ತಗ್ಗಿಸೋಕೆ ವಾರಕ್ಕೊಂದ್ಸಲ ಮೆಥೋಟ್ರೆಕ್ಸೇಟ್ ಮಾತ್ರೆ. ದೇವರಾಯನದುರ್ಗದ ಕಡೆಯಿಂದ ತಂದು ನೆಟ್ಟ ಅಮೃತಬಳ್ಳಿ ಹಿತ್ತಲ ಬೇವಿನ ಮರಕ್ಕೆ ಹಬ್ಕೊಂಡಿದೆ, ದಿನಾ ಬೆಳಗ್ಗೆ ಬೆರಳುದ್ದ ಕಾಂಡ ಕಿತ್ತು ಜಜ್ಜಿ ಕುದಿಸಿ ಲೋಟ ತುಂಬ ಕುಡೀತಾರೆ, ಇಮ್ಯುನಿಟಿ ಜಾಸ್ತಿ ಆಗುತ್ತೆ ಅಂತ. ನಂಗ್ಯಾಕೋ ಭಯ, ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ: ನಾನು ಮೈಕ್ರೋಬಯಾಲಜಿ ಓದ್ತಿದೀನಿ. ಲ್ಯಾಬಲ್ಲಿ ಇದರ ಸಾರ ಹಾಕಿದ್ರೆ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕಣಗಳು ಚುರುಕಾಗಿ, ಊತ ತರಿಸೋ ಪ್ರೋಟೀನ್ ಆದ ಟಿಎನ್‌ಎಫ್ ಬಿಡ್ತವೆ, ಅದು ನಿಜ. ಆದ್ರೆ ಅಮ್ಮನ ಕೀಲು ಊದಿಸೋದ್ರಲ್ಲೂ ಅದೇ ಟಿಎನ್‌ಎಫ್ ಕೈವಾಡ ಇರುತ್ತಲ್ವಾ! ಇನ್ನೊಂದು, ಸಾರದಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ (ಅದರ ಹೊರಪದರದ ವಿಷ) ಚೂರು ಸೇರಿದ್ರೂ ಕಣಗಳು ಹಂಗೇ ಕೆರಳ್ತವೆ, ಅದನ್ನ ಚೆಕ್ ಮಾಡದೆ ಎಲ್ಲಾ ಗಿಡದ್ದೇ ಗುಣ ಅನ್ನೋಕಾಗಲ್ಲ.

ಉತ್ತರ: 2021ರಲ್ಲಿ ಮುಂಬೈ ಡಾಕ್ಟ್ರುಗಳು ಇದನ್ನ ತಗೊಂಡ 6 ಜನರ ಲಿವರ್‌ಗೆ ಪೆಟ್ಟು ಬಿದ್ದಿದ್ದನ್ನ ವರದಿ ಮಾಡಿದ್ರು, ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಬಳ್ಳಿ ಯಾವ್ದು ಅಂತ ಸರಿಯಾಗಿ ಗುರುತಿಸಿಲ್ಲ ಅಂತು. ಅದೇನೇ ಇರ್ಲಿ, ಮೆಥೋಟ್ರೆಕ್ಸೇಟೂ ಲಿವರ್ ಮೇಲೇ ಭಾರ. ಸದ್ಯಕ್ಕೆ ಕಷಾಯ ನಿಲ್ಸಿ, ಡಾಕ್ಟ್ರ ಹತ್ರ ಮುಚ್ಚಿಡದೆ ಹೇಳಿ, ಲಿವರ್ ಹೇಗಿದೆ ಅಂತ ನೋಡೋ ರಕ್ತಪರೀಕ್ಷೆ ಎಲ್‌ಎಫ್‌ಟಿ ಮಾಡ್ಸಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಅಮ್ಮಂಗೆ ಓದಿ ಹೇಳ್ದೆ, ನಾಳೆ ರಕ್ತ ಕೊಡೋಕೆ ಬರ್ತೀನಿ ಅಂದ್ರು.