ಹಳೇ ವಿಡಿಯೋ ಗೇಮ್ ಅಂಗಡಿಯ ಜಾಯ್‌ಸ್ಟಿಕ್ ಪ್ಯಾನಲ್ ಪಿಸಿಗೆ ಹಚ್ಚೋದು ಹೆಂಗ್ರಿ?

ಉಣಕಲ್_ಕೆರಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಓಣ್ಯಾಗ ಮೊದಲ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು, ಬಂದ್ ಆಗಿ ಭಾಳ ವರ್ಷ ಆತು, ಮಷೀನ್ ಎಲ್ಲಾ ಗೋಡೌನ್‌ದಾಗ ಬಿದ್ದಿದ್ವು. ಮಾನಿಟರು ಬೋರ್ಡು ಗುಜರಿಗೆ ಹೋದ್ವು ಆದ್ರ ಕಂಟ್ರೋಲ್ ಪ್ಯಾನಲ್ ಒಂದು ನನಗ ಸಿಕ್ಕೇತಿ. ಎರಡು ಜಾಯ್‌ಸ್ಟಿಕ್, ಒಬ್ಬೊಬ್ಬರಿಗೆ ಮೂರ್ ಮೂರು ಬಟನ್, ಎರಡು ಸ್ಟಾರ್ಟ್ ಬಟನ್, ಕಾಯಿನ್ ಹಾಕೋ ಬಾಗಲಾನೂ ಐತಿ. ವೈರ್ ಎಲ್ಲಾ ಹಿಂದ ಒಂದು ಉದ್ದನ ಕನೆಕ್ಟರಿಗೆ ಹೋಗ್ತಾವು, ಎರಡೂ ಕಡೆ 28-28 ಪಿನ್. ಇದನ್ನ ಪಿಸಿಗೆ ಹಚ್ಚಿ ಮೇಮ್‌ನಾಗ (ಹಳೇ ಆರ್ಕೇಡ್ ಗೇಮ್ ಪಿಸಿ ಮ್ಯಾಲೆ ನಡಸೋ ಸಾಫ್ಟ್‌ವೇರ್) ಮುಸ್ತಫಾ, ಅಂದ್ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಗೇಮ್, ಆಡಬೇಕಂತ ಆಸೆ. ಅದ ಕೋಲು, ಅದ ಬಟನ್ನ ಬೇಕ್ರಿ, ಹೊಸಾ ಯುಎಸ್‌ಬಿ ಸ್ಟಿಕ್ ತಗೋ ಅಂತ ದಯವಿಟ್ಟು ಹೇಳಬ್ಯಾಡ್ರಿ. ಮನ್ಯಾಗ ಆರ್ಡುಯಿನೋ ಊನೋ (ಕೋಡ್ ಬರದು ನಡಸೋ ಸಣ್ಣ ಬೋರ್ಡು) ಒಂದೈತಿ, ಅದರಿಂದ ಆಗತೈತೇನು? ವೈರ್ ಕಟ್ ಮಾಡಬೇಕಾಗತೈತೇನು?

ಬೆಸುಗೆ_ಕಡ್ಡಿ:
ಸರ್, ಕಟ್ ಮಾಡ್ಲೇಬೇಡಿ! ಅದು ಜಾಮಾ ಕನೆಕ್ಟರ್, 1985ರಲ್ಲಿ ಜಪಾನಿನ ಆರ್ಕೇಡ್ ಕಂಪನಿಗಳ ಸಂಘ ಮಾಡಿದ ಸ್ಟ್ಯಾಂಡರ್ಡು, ಅದು ಬಂದ್ಮೇಲೆ ಗೇಮ್ ಬದಲಾಯಿಸ್ಬೇಕಂದ್ರೆ ಬೋರ್ಡ್ ಕಿತ್ತು ಬೇರೆ ಬೋರ್ಡ್ ಸಿಕ್ಕಿಸಿದ್ರೆ ಆಯ್ತು, ವೈರಿಂಗ್ ಮುಟ್ಟೋ ಹಾಗೇ ಇರ್ಲಿಲ್ಲ. ನಿಮಗೂ ಅದೇ ಲಾಭ. ಬೋರ್ಡಿನ ಪಾರ್ಟ್ಸ್ ಇರೋ ಕಡೆ ಪ್ಲೇಯರ್ 1, ಬೆಸುಗೆ ಇರೋ ಕಡೆ ಪ್ಲೇಯರ್ 2. ಎರಡೂ ಕಡೆ ಲೆಕ್ಕ ಒಂದೇ, 16ನೇ ಪಿನ್ ಕಾಯಿನ್, 17 ಸ್ಟಾರ್ಟ್, 18ರಿಂದ 21 ಮೇಲೆ ಕೆಳಗೆ ಎಡ ಬಲ, 22 23 24 ಮೂರು ಬಟನ್. ಕೊನೇ ಎರಡು, 27 ಮತ್ತೆ 28, ಗ್ರೌಂಡ್. ಆದ್ರೆ ಪುಸ್ತಕದಲ್ಲಿ ಹೀಗಿದೆ ಅಂತ ನಂಬ್ಕೊಂಡು ಹಚ್ಬೇಡಿ, ನಮ್ಮೂರ ಪಾರ್ಲರ್ ಮಷೀನುಗಳಿಗೆ ಮೆಕ್ಯಾನಿಕ್ ಯಾರೋ ಬಂದು ತನಗೆ ತೋಚಿದ ಹಾಗೆ ವೈರ್ ತಿರುಗಿಸಿರ್ತಾರೆ, ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದೊಂದೇ ಬಟನ್ ಒತ್ತಿ ಬರ್ಕೊಳ್ಳಿ.

ಒಳಗಡೆ ದೊಡ್ಡ ವಿದ್ಯೆ ಏನೂ ಇಲ್ಲ. ಕೋಲಿನ ಕೆಳಗೆ ನಾಲ್ಕು ಮೈಕ್ರೋಸ್ವಿಚ್, ಪ್ರತಿಯೊಂದೂ ಮನೆ ಕಾಲಿಂಗ್ ಬೆಲ್ ಸ್ವಿಚ್ ಇದ್ದ ಹಾಗೆ, ಒತ್ತಿದ್ರೆ ಕೂಡುತ್ತೆ ಬಿಟ್ರೆ ಬಿಡುತ್ತೆ. ಮೂರು ಕಾಲಿರುತ್ತೆ, ಕಾಮನ್, ಎನ್‌ಓ (ಒತ್ತಿದಾಗ ಮಾತ್ರ ಕಾಮನ್‌ಗೆ ಕೂಡೋದು), ಎನ್‌ಸಿ (ಒತ್ತದೇ ಇದ್ದಾಗ ಕೂಡಿರೋದು). ಕಾಮನ್ ಎಲ್ಲಾ ಒಂದರಿಂದ ಒಂದಕ್ಕೆ ಸರಪಳಿ ಥರ ಹೋಗಿ ಗ್ರೌಂಡ್ ಸೇರುತ್ತೆ, ಎನ್‌ಓ ಕಾಲಿನ ವೈರ್ ಒಂದೊಂದೂ ಬೇರೆ ಬೇರೆ ಪಿನ್ನಿಗೆ. 40 ವರ್ಷ ಹಳೇ ಸ್ವಿಚ್ ಆದ್ರೂ ಇವತ್ತಿನ ಪಿಸಿಗೆ ಆರಾಮಾಗಿ ಕೆಲಸ ಮಾಡೋದು ಅದಕ್ಕೇ, ಮಧ್ಯೆ ಒಂದು ಎನ್‌ಕೋಡರ್ ಬೋರ್ಡ್, ಅಂದ್ರೆ ಯಾವ ಸ್ವಿಚ್ ಒತ್ತಿದೆ ಅಂತ ಯುಎಸ್‌ಬಿಯಲ್ಲಿ ಪಿಸಿಗೆ ಹೇಳೋ ಬೋರ್ಡ್, ಬೇಕು ಅಷ್ಟೆ.

ಊನೋ ಬೇಡ. ಆರ್3 ವರೆಗಿನ ಊನೋಗಳ ಮೇನ್ ಚಿಪ್‌ಗೆ ಸ್ವಂತ ಯುಎಸ್‌ಬಿ ಇಲ್ಲ, ಪಿಸಿಗೆ ಅದು ಸೀರಿಯಲ್ ಪೋರ್ಟ್ ಆಗಿ ಕಾಣುತ್ತೆ, ಕೀಬೋರ್ಡ್ ಆಗಿ ಅಲ್ಲ. ಲಿಯೊನಾರ್ಡೋ ಅಥವಾ ಪ್ರೋ ಮೈಕ್ರೋ ಅನ್ನೋ ಬೋರ್ಡ್ ತಗೊಳ್ಳಿ, ಅದರ 32ಯು4 ಚಿಪ್ ನೇರ ಕೀಬೋರ್ಡ್ ಆಗುತ್ತೆ. ಲೆಕ್ಕ ಹಾಕಿ, ಒಬ್ಬರಿಗೆ ನಾಲ್ಕು ದಿಕ್ಕು, ಮೂರು ಬಟನ್, ಸ್ಟಾರ್ಟ್, ಕಾಯಿನ್ ಅಂದ್ರೆ 9, ಇಬ್ಬರಿಗೆ 18, ಪ್ರೋ ಮೈಕ್ರೋದಲ್ಲಿ ಸರಿಯಾಗಿ 18 ಪಿನ್ ಇದೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ. ಪಿನ್ನುಗಳನ್ನ ಕೋಡಲ್ಲಿ ಇನ್‌ಪುಟ್ ಪುಲ್‌ಅಪ್ (ಚಿಪ್ ಒಳಗಿನ ರೆಸಿಸ್ಟರ್ ಬಳಸೋದು) ಅಂತ ಡಿಕ್ಲೇರ್ ಮಾಡಿದ್ರೆ ಹೊರಗಡೆ ರೆಸಿಸ್ಟರ್ ಕೂಡ ಬೇಡ. ಸ್ವಿಚ್ ಒಂದ್ಸಲ ಒತ್ತಿದ್ರೂ ಒಳಗೆ ಲೋಹ ಅದುರಿ ನಾಲ್ಕೈದು ಸಲ ಕೂಡಿ ಬಿಡುತ್ತೆ, ಕೋಡಲ್ಲಿ 5 ಮಿಲಿಸೆಕೆಂಡ್ ಡಿಬೌನ್ಸ್, ಅಂದ್ರೆ ಆ ಅದುರು ಲೆಕ್ಕಕ್ಕೆ ಬರದ ಹಾಗೆ ಕಾಯೋದು, ಹಾಕಿ.

ಸಂಜೆ_ಆಟ:
ಇಷ್ಟೆಲ್ಲಾ ಯಾಕೆ ಗುರು, ಹಳೇ ಕೀಬೋರ್ಡ್ ಬಿಚ್ಚಿ ಒಳಗಿನ ಚಿಕ್ಕ ಬೋರ್ಡಿಗೆ ವೈರ್ ಬೆಸುಗೆ ಹಾಕಿದ್ರೆ ಸಾಕಲ್ವಾ? ನಮ್ಮ ಕಡೆ ಎಲ್ಲಾ ಹಂಗೇ ಮಾಡ್ತಿದ್ರು, ಖರ್ಚೇ ಇಲ್ಲ.

ಬೆಸುಗೆ_ಕಡ್ಡಿ:
ಒಬ್ಬರೇ ಆಡೋದಾದ್ರೆ ಸರಿ. ಇಬ್ಬರಿಗೆ ಆಗಲ್ಲ. ಸಾಧಾರಣ ಕೀಬೋರ್ಡಲ್ಲಿ ಕೀಗಳೆಲ್ಲಾ ಅಡ್ಡಸಾಲು ಉದ್ದಸಾಲು ಸೇರೋ ಜಾಗದಲ್ಲಿ ಇರುತ್ವೆ, ಕರೆಂಟ್ ಒಂದೇ ಕಡೆ ಬಿಡೋ ಡಯೋಡ್ ಇರಲ್ಲ, ಚೌಕದ ಮೂರು ಮೂಲೆ ಒಟ್ಟಿಗೆ ಒತ್ತಿದ್ರೆ ನಾಲ್ಕನೇ ಮೂಲೇನೂ ಒತ್ತಿದ ಹಾಗೆ ಕಾಣುತ್ತೆ, ಅದಕ್ಕೇ ಕೀಬೋರ್ಡ್ ಮೂರನೇ ಕೀನೇ ತಡೆದುಬಿಡುತ್ತೆ. ಮುಸ್ತಫಾದಲ್ಲಿ ಇಬ್ಬರೂ ಓಡ್ತಾ ಹೊಡೀತಾ ಇರೋವಾಗ ಒಬ್ಬನ ಏಟು ಬೀಳೋದೇ ಇಲ್ಲ. ಒಂದೊಂದು ಸ್ವಿಚ್‌ಗೂ ತನ್ನದೇ ಪಿನ್ ಇದ್ರೆ ಈ ರಗಳೆ ಇಲ್ಲ.

ಟ್ಯಾಬ್_ಮೆನು:
ಮೇಮ್ ಕಡೆ ವಿಷ್ಯ ನಾನ್ ಹೇಳ್ತೀನಿ. ಡಿಫಾಲ್ಟ್ ಕೀ ಹೀಗೆ, ಪ್ಲೇಯರ್ 1ಕ್ಕೆ ಆರೋ ಕೀಗಳು, ಬಟನ್‌ಗೆ ಎಡ ಕಂಟ್ರೋಲ್, ಎಡ ಆಲ್ಟ್, ಸ್ಪೇಸ್. ಪ್ಲೇಯರ್ 2ಕ್ಕೆ ಆರ್ ಎಫ್ ಡಿ ಜಿ, ಬಟನ್ ಎ ಎಸ್ ಕ್ಯೂ. 5 ಮತ್ತೆ 6 ಕಾಯಿನ್, 1 ಮತ್ತೆ 2 ಸ್ಟಾರ್ಟ್. ಮುಂದೆ ಆರು ಬಟನ್ ಪ್ಯಾನಲ್ ಮಾಡೋ ಯೋಚನೆ ಇದ್ರೆ ಒಂದು ಎಚ್ಚರಿಕೆ, ನಾಲ್ಕನೇ ಬಟನ್ ಎಡ ಶಿಫ್ಟ್, ಅದನ್ನ ಐದು ಸಲ ಒತ್ತಿದ್ರೆ ವಿಂಡೋಸ್ ಸ್ಟಿಕಿ ಕೀಸ್ ಡಬ್ಬ ತೆರೆಯುತ್ತೆ, ಮೊದಲೇ ಸೆಟ್ಟಿಂಗ್ಸಲ್ಲಿ ಆಫ್ ಮಾಡಿ. ಇನ್ನೊಂದು ನಮ್ಮಂಥೋರಿಗೆ ಮಾತ್ರ ಬರೋ ತೊಂದ್ರೆ, ವಿಂಡೋಸಲ್ಲಿ ಕನ್ನಡ ಕೀಬೋರ್ಡ್ ಹಾಕ್ಕೊಂಡಿರ್ತೀವಲ್ಲ, ಎಡ ಆಲ್ಟ್ ಜೊತೆ ಶಿಫ್ಟ್ ಬಿದ್ರೆ ಭಾಷೆ ಬದಲಾಗುತ್ತೆ. ಟ್ಯಾಬ್ ಒತ್ತಿ ಇನ್‌ಪುಟ್ ಮೆನುಗೆ ಹೋಗಿ ಬೇರೆ ಅಕ್ಷರ ಕೊಟ್ಟುಬಿಡಿ. ಆರ್ಡುಯಿನೋ ಕೀಬೋರ್ಡ್ ಲೈಬ್ರರಿ ಒಂದೇ ಹೊತ್ತಿಗೆ ಆರು ಕೀ ಮಾತ್ರ ಕಳಿಸುತ್ತೆ, ಕಂಟ್ರೋಲ್ ಆಲ್ಟ್ ಶಿಫ್ಟ್ ಆ ಲೆಕ್ಕಕ್ಕೆ ಬರಲ್ಲ. ನನ್ನ ಕೇಳಿದ್ರೆ ಎರಡು ರಾಸ್ಪ್‌ಬೆರಿ ಪೈ ಪಿಕೋ (ಇದೂ ಆರ್ಡುಯಿನೋ ಥರದ ಚಿಕ್ಕ ಬೋರ್ಡು) ತಗೊಂಡು ಜಿಪಿ2040-ಸಿಇ ಅನ್ನೋ ರೆಡಿ ಫರ್ಮ್‌ವೇರ್ (ಬೋರ್ಡ್ ಒಳಗೆ ಓಡೋ ಪ್ರೋಗ್ರಾಂ) ಹಾಕಿ ಒಬ್ಬೊಬ್ಬರಿಗೆ ಒಂದೊಂದು ಗೇಮ್‌ಪ್ಯಾಡ್ ಮಾಡೋದೇ ವಾಸಿ, ಕೋಡ್ ಬರೆಯೋದೂ ಬೇಡ. ಪಿಕೋ 3.3 ವೋಲ್ಟ್ ಬೋರ್ಡು, ಅದರ ಪಿನ್ನಿಗೆ 5 ವೋಲ್ಟ್ ಮುಟ್ಟಿಸಬೇಡಿ.

ಉಣಕಲ್_ಕೆರಿ:
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಎರಡು ಪಿಕೋ ತಂದು ಹಚ್ಚೇನಿ, ಮುಸ್ತಫಾ ಮಸ್ತ್ ನಡದೈತಿ, ತಮ್ಮನ ಮಗ ಬಿಟ್ಟು ಏಳವಲ್ಲ! ಎರಡು ಡೌಟ್ ಉಳದಾವು. ಪ್ಯಾಕ್‌ಮ್ಯಾನ್‌ದಾಗ ತಿರುವಿನ್ಯಾಗ ಕೋಲು ಸರಿ ತಿರುಗವಲ್ದು, ಗೋಡಿಗೆ ನಿಂತುಬಿಡತೈತಿ. ಇನ್ನೊಂದು, ಕಾಯಿನ್ ಬಾಗಲಾ ಖರೇನ ಒಂದು ರೂಪಾಯಿ ಹಾಕಿದ್ರ ಕೆಲಸ ಮಾಡಬೇಕ್ರಿ.

ಬೆಸುಗೆ_ಕಡ್ಡಿ:
ಪ್ಯಾಕ್‌ಮ್ಯಾನ್ 1980ರ ಗೇಮು, ನಾಲ್ಕೇ ದಿಕ್ಕಿನ ಕೋಲಿಗೆ ಮಾಡಿದ್ದು. ನಿಮ್ಮದು ಎಂಟು ದಿಕ್ಕಿನದು, ಮೂಲೆಗೆ ಹೋದಾಗ ಎರಡು ಸ್ವಿಚ್ ಒಟ್ಟಿಗೆ ಕೂಡುತ್ತೆ, ಗೇಮಿಗೆ ಯಾವ ಕಡೆ ಅಂತ ಗೊತ್ತಾಗಲ್ಲ. ಕೋಲಿನ ಕೆಳಗೆ ಚೌಕ ತೂತಿನ ಪ್ಲೇಟ್ ಇದ್ಯಾ ನೋಡಿ, ಎಷ್ಟೋ ಮಾಡೆಲಲ್ಲಿ ಅದನ್ನ ಬಿಚ್ಚಿ 45 ಡಿಗ್ರಿ ತಿರುಗಿಸಿ ಹಾಕಿದ್ರೆ ಕೋಲು ಮೂಲೆಗೆ ಹೋಗೋದೇ ಇಲ್ಲ. ಆದ್ರೆ ಮುಸ್ತಫಾಗೆ ಮೂಲೆ ಬೇಕೇ ಬೇಕು, ಅದಕ್ಕೆ ಒಂದು ಕೋಲು ಹಾಗೇ ಬಿಟ್ಟು ಇನ್ನೊಂದನ್ನ ಮಾತ್ರ ತಿರುಗಿಸಿ.

ಕಾಯಿನ್ ಬಾಗಿಲಲ್ಲಿ ನಾಣ್ಯ ಬೀಳೋ ದಾರೀಲಿ ತಂತಿ ಬಾಲದ ಮೈಕ್ರೋಸ್ವಿಚ್ ಇರುತ್ತೆ, ಅದರ ಕಾಮನ್ನು ಗ್ರೌಂಡಿಗೆ, ಎನ್‌ಓ ಪಿಕೋದಲ್ಲಿ ನೀವು ಕಾಯಿನ್ ಅಂತ ಇಟ್ಕೊಂಡಿರೋ ಪಿನ್ನಿಗೆ. ಅದರ ಪಕ್ಕ ಟಕ್ ಟಕ್ ಅಂತ ಎಣಿಸೋ ಕೌಂಟರ್, ಒಳಗೆ ಬಲ್ಬ್ ಇದ್ರೆ ಅವು 12 ವೋಲ್ಟಿಂದು ಇರಬಹುದು, ಜಾಮಾದಲ್ಲಿ 8ನೇ ಪಿನ್ ಕೌಂಟರ್, 6ನೇದು 12 ವೋಲ್ಟ್, ಆ ವೈರ್‌ಗಳಿಗೆ ಟೇಪ್ ಸುತ್ತಿ ಪಕ್ಕಕ್ಕಿಡಿ, ಪಿಕೋ ಹತ್ರ ತರಲೇಬೇಡಿ. ನಾಣ್ಯದ ವಿಷ್ಯ, ಈಗಿನ ಒಂದು ರೂಪಾಯಿ ಹಳೇದಕ್ಕಿಂತ ಚಿಕ್ಕದು, ಮೆಕ್ಯಾನಿಸಂ ಸೈಜ್ ನೋಡಿ ವಾಪಸ್ ಉಗುಳಬಹುದು. ಮನೇಲಿ ಹಳೇ ದಪ್ಪ ನಾಣ್ಯ ಇದ್ರೆ ಒಂದು ಡಬ್ಬಿಗೆ ಹಾಕಿ ಪ್ಯಾನಲ್ ಪಕ್ಕದಲ್ಲೇ ಇಟ್ಕೊಳ್ಳಿ.