‘ಡಬ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಜಮೈಕಾದ ಸೌಂಡ್ ಎಂಜಿನಿಯರ್ ಕಿಂಗ್ ಟಬ್ಬಿ ಬಗ್ಗೆ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಎಡವಿದೆ. ‘ಡಬ್ ಸಂಗೀತ’ (ರೆಕಾರ್ಡಾದ ಹಾಡನ್ನೇ ಸ್ಟುಡಿಯೊದಲ್ಲಿ ಬದಲಿಸಿ ಮಾಡುವ ಹೊಸ ರೂಪ) ಅಂತ ಬರೆದು ಮನೆಯಲ್ಲಿ ಓದಿಸಿದರೆ, ‘ಯಾವ ಭಾಷೆಯಿಂದ ಡಬ್ ಮಾಡಿದ್ದು?’ ಎಂಬ ಪ್ರಶ್ನೆ ಬಂತು. ತಪ್ಪೇನಿಲ್ಲ ಬಿಡಿ. ನಮಗೆ ಡಬ್ಬಿಂಗ್ ಅಂದರೆ ಸಿನಿಮಾದ ಕಂಠದಾನ, ಜೊತೆಗೆ ಅದರ ಸುತ್ತ ವರ್ಷಗಟ್ಟಲೆ ನಡೆದ ಜಗಳ.

ಎರಡಕ್ಕೂ ಬೇರು ಮಾತ್ರ ಒಂದೇ. ಇಂಗ್ಲಿಷಿನ ‘ಡಬಲ್’ ತುಂಡಾಗಿ ‘ಡಬ್’ ಆಯಿತು. ರೆಕಾರ್ಡ್ ಮಾಡಿದ್ದಕ್ಕೆ ಇನ್ನೊಂದು ಪ್ರತಿ ತೆಗೆಯುವುದು ಅಂತ ಅರ್ಥ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಸೌಂಡ್ ಸಿಸ್ಟಮ್‌ನವರು (ದೊಡ್ಡ ಸ್ಪೀಕರ್ ಹೂಡಿ ಜನರ ಕುಣಿತಕ್ಕೆ ರೆಕಾರ್ಡ್ ಹಾಕುವವರು) ತಮಗಾಗಿ ಕೊರೆಸಿಕೊಳ್ಳುತ್ತಿದ್ದ, ಬೇಗ ಸವೆಯುವ ಮೆತ್ತನೆಯ ರೆಕಾರ್ಡ್ ತಟ್ಟೆಯ ಹೆಸರು ‘ಡಬ್‌ಪ್ಲೇಟ್’.

ಕೆಲಸ ಮಾತ್ರ ಪೂರ್ತಿ ಉಲ್ಟಾ. ನಮ್ಮವರು ದನಿ ಸೇರಿಸುತ್ತಾರೆ, ಟಬ್ಬಿ ದನಿ ತೆಗೆಯುತ್ತಿದ್ದ. ಮೂಲದಲ್ಲಿ ಅವನು ರೇಡಿಯೊ, ಆಂಪ್ಲಿಫೈಯರ್ ರಿಪೇರಿಯವನು. 1970ರ ದಶಕದಲ್ಲಿ ಡ್ರೊಮಿಲಿ ಅವೆನ್ಯೂದ ಮನೆಯಲ್ಲೇ ಅವನ ಸ್ಟುಡಿಯೊ. ಹಾಡು ಶುರುವಾಗಿ ಒಂದು ಸಾಲು ಮುಗಿಯುವಷ್ಟರಲ್ಲಿ ಗಾಯಕನ ಫೇಡರನ್ನು (ದನಿ ಏರಿಳಿಸುವ ಜಾರುಗುಂಡಿ) ಥಟ್ಟನೆ ಕೆಳಗೆಳೆಯುತ್ತಿದ್ದ. ಉಳಿಯುವುದು ಡ್ರಮ್ಮು, ಬೇಸು. ಕೊನೆಯ ಪದದ ಬಾಲವಷ್ಟೇ ಮಾರ್ದನಿಯಾಗಿ ತೇಲುತ್ತಾ ತೇಲುತ್ತಾ ಕರಗುತ್ತದೆ. ಸ್ಪ್ರಿಂಗಿನಿಂದ ಮಾರ್ದನಿ ಹುಟ್ಟಿಸುವ ‘ಸ್ಪ್ರಿಂಗ್ ರಿವರ್ಬ್’ ಪೆಟ್ಟಿಗೆಗೆ ಒಂದು ಗುದ್ದು ಕೊಟ್ಟರೆ ಗುಡುಗು! ಇದು ಕಂಠದಾನ ಅಲ್ಲ, ಕಂಠಹರಣ.

ಇಂಥ ರೂಪಕ್ಕೆ ಅಲ್ಲಿಯವರು ‘ವರ್ಷನ್’ ಎಂದೂ ಅನ್ನುತ್ತಾರೆ. ‘ಪಾಠಾಂತರ’ ಹೊಳೆಯಿತು. ಕರ್ನಾಟಕ ಸಂಗೀತದವರ ಬಾಯಲ್ಲಿ ಸದಾ ಇರುವ ಪದ. ಆದರೆ ಅದು ಗುರುವಿನಿಂದ ಬಂದ ಹಾಡಿಕೆಯ ಕ್ರಮ. ಇಲ್ಲಿ ಯಾರೂ ಮತ್ತೆ ಹಾಡಿಲ್ಲ, ಅದೇ ಟೇಪು. ಹಾಗಾಗಿ ಬಿಟ್ಟೆ.

ಜಾಝ್ ಇದ್ದ ಹಾಗೆ ‘ಡಬ್’ ಕೂಡ ನಾಮಪದವಾಗಿ ಇರಲಿ, ತಕರಾರಿಲ್ಲ. ಕಷ್ಟ ಇರುವುದು ಕ್ರಿಯಾಪದದಲ್ಲಿ. ‘ಟಬ್ಬಿ ಆ ಹಾಡನ್ನು ಡಬ್ ಮಾಡಿದ’ ಅಂದರೆ ಮತ್ತೆ ಸಿನಿಮಾ ಥಿಯೇಟರಿಗೇ ಹೋಗಿ ನಿಲ್ಲುತ್ತೇವೆ, ಅಲ್ವಾ?

ನಮ್ಮ ಕಡೆ ತೊಳೆದ ಪಾತ್ರೆ ಬೋರಲು ಹಾಕುವುದಕ್ಕೆ ‘ಡಬ್ಬಾಕು’ ಅನ್ನುತ್ತಾರೆ. ಇಂಗ್ಲಿಷಿನ ಡಬ್‌ಗೂ ಇದಕ್ಕೂ ನಂಟಿಲ್ಲ, ಗೊತ್ತು. ಆದರೂ ಈ ವರ್ಷನ್‌ಗಳು ಇರುತ್ತಿದ್ದದ್ದು ರೆಕಾರ್ಡಿನ ಹಿಂಬದಿಯಲ್ಲಿ. ತಟ್ಟೆ ಮಗುಚಿದರೇ ಕೇಳುವುದು. ‘ಟಬ್ಬಿ ಆ ಹಾಡನ್ನು ಡಬ್ಬಾಕಿದ’ ಅಂತ ಬರೆದರೆ ಜಾಸ್ತಿಯಾಯಿತಾ? ಧಾರವಾಡ, ಮಂಗಳೂರು ಕಡೆಯವರಿಗೆ ಈ ಮಾತು ಅರ್ಥವಾಗುತ್ತದೆಯೇ?